ಐದೂವರೆ ಗಂಟೆ ಕೂಡಿಸಿದರೆ ಸಮಯ ಸರಿಹೋಗುತ್ತದೆಯೇ?

ಮಾದನಾಯಕನಹಳ್ಳಿಯ ಗೋಡೌನೊಂದರಲ್ಲಿ ಲೋಡ್ ಮುಗಿಯುವಾಗ ಮಧ್ಯರಾತ್ರಿ ಕಳೆದಿದೆ ಅನ್ನಿ. ಮಾರ್ಚ್ 14ರ ರಾತ್ರಿ 12.04ಕ್ಕೆ ಇ-ವೇ ಬಿಲ್ ತೆಗೆಯುತ್ತಾರೆ. ನಿಯಮದ ಪ್ರಕಾರ ಅದರ ಮೊದಲ ದಿನ ಮುಗಿಯುವುದು ಮಾರ್ಚ್ 15 ಕಳೆದು ಬರುವ ಮಧ್ಯರಾತ್ರಿಗೆ. ಆದರೆ ಕಂಪನಿಯ ಸಾಫ್ಟ್‌ವೇರ್ ಅದೇ ಬಿಲ್ಲನ್ನು 13ನೇ ತಾರೀಖಿನದೆಂದು ಬರೆದುಕೊಂಡರೆ, ಲಾರಿ ಇನ್ನೂ ದಾರಿಯಲ್ಲಿರುವಾಗಲೇ ಆಫೀಸಿನ ಪರದೆಯ ಮೇಲೆ ‘ಅವಧಿ ಮುಗಿದಿದೆ’ ಎಂದು ಕೆಂಪು ಅಕ್ಷರ ಬರುತ್ತದೆ.

‘ಸರ್ವರ್ ಟೈಮ್ ತಪ್ಪಾಗಿದೆ’ ಎಂಬುದು ಆಗ ಎಲ್ಲರ ಬಾಯಲ್ಲೂ ಬರುವ ಮಾತು. ಗಡಿಯಾರ ಸರಿಯಾಗಿಯೇ ಇರುತ್ತದೆ. ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿ ನಡೆಯುತ್ತವೆ. ನಮ್ಮ 14ರ 12.04 ಅಲ್ಲಿ 13ರ ಸಂಜೆ 6.34. ಪಂಚಾಂಗದಲ್ಲಿ ಸೂರ್ಯೋದಯಕ್ಕೆ ವಾರ ಬದಲಾಗುವಂತೆ, ಯುಟಿಸಿ ಲೆಕ್ಕದಲ್ಲಿ ಬೆಂಗಳೂರಿನ ತಾರೀಖು ಬದಲಾಗುವುದು ಬೆಳಗಿನ ಐದೂವರೆಗೆ. ನೈಟ್ ಶಿಫ್ಟಿನ ದಾಖಲೆಗಳೇ ಹೆಚ್ಚು ಎಡವಟ್ಟಾಗುವುದು ಇದಕ್ಕೇ.

‘ಹಾಗಾದರೆ 5.30 ಕೂಡಿಸಿಬಿಡೋಣ’ ಎನ್ನುವುದು ಇನ್ನೂ ದೊಡ್ಡ ತಪ್ಪು. ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಎಂದರೆ 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು. ಆ ಎಣಿಕೆಗೆ ದೇಶವಿಲ್ಲ. ಅದಕ್ಕೆ ಕೈಯಾರೆ 19,800 ಸೆಕೆಂಡು ಸೇರಿಸಿದರೆ ಅದು ಬೇರೆಯೇ ಕ್ಷಣವಾಗುತ್ತದೆ. ಮುಂದೆ ಮೊಬೈಲ್ ಆ್ಯಪ್ ತನ್ನ ಪಾಡಿಗೆ ಇನ್ನೊಮ್ಮೆ ಐದೂವರೆ ಗಂಟೆ ಸೇರಿಸಿ ತೋರಿಸುತ್ತದೆ. ‘ಏಷ್ಯಾ/ಕೋಲ್ಕತಾ’ ಎಂಬ ವಲಯದ ಹೆಸರು ಕೊಟ್ಟು, ತೋರಿಸುವಾಗ ಮಾತ್ರ ಬದಲಿಸುವುದೇ ಸರಿ. ಅಂದಹಾಗೆ, ನಮ್ಮ ಅಂತರ ಎಂದೆಂದಿಗೂ 5.30 ಆಗಿತ್ತು ಎಂಬುದೂ ನಿಜವಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರಿಂದ 1945ರವರೆಗೆ, ಅದು ಆರೂವರೆ ಗಂಟೆಯಾಗಿತ್ತು.

ಡೇಟಾಬೇಸಿನಲ್ಲಿ ಜನ್ಮದಿನಗಳೆಲ್ಲ ಹಿಂದಿನ ದಿನದ 18:30 ಎಂದು ಕಂಡರೆ ಕಾರಣ ಹುಡುಕಿ ಅಲೆಯಬೇಕಿಲ್ಲ. ಬರಿಯ ತಾರೀಖನ್ನು ಭಾರತದ ಮಧ್ಯರಾತ್ರಿಯೆಂದು ಭಾವಿಸಿ ಯಾರೋ ಯುಟಿಸಿಗೆ ತಿರುಗಿಸಿದ್ದಾರೆ. ಜನ್ಮದಿನಕ್ಕೆ ಗಂಟೆಯೇ ಬೇಡ, ತಾರೀಖಾಗಿಯೇ ಇಡಿ.

ಇನ್ನು ಎಕ್ಸೆಲ್. 05/04/2025 ಎಂದರೆ ಏಪ್ರಿಲ್ 5 ಎಂದು ನಮಗೆ ಗೊತ್ತು, ಅಮೆರಿಕದ ಸೆಟ್ಟಿಂಗ್ ಇರುವ ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದು ಮೇ 4 ಎಂದು ಓದಿಕೊಳ್ಳುತ್ತದೆ. ತಿಂಗಳ ಮೊದಲ ಹನ್ನೆರಡು ದಿನಗಳು ಸದ್ದಿಲ್ಲದೆ ಹೀಗೆ ತಿರುಗುಮುರುಗಾಗುತ್ತವೆ. 13ರಿಂದ ಮುಂದಿನವು ತಾರೀಖೇ ಆಗದೆ ಅಕ್ಷರಗಳಾಗಿ ಕೋಶದ ಎಡಕ್ಕೆ ಅಂಟಿಕೊಳ್ಳುತ್ತವೆ. ಎಡಕ್ಕಿರುವವನ್ನು ಮಾತ್ರ ತಿದ್ದಿ ಸುಮ್ಮನಾಗುವವರೇ ಹೆಚ್ಚು, ಆದರೆ ನಿಜವಾಗಿ ಕೆಟ್ಟಿರುವುದು ಬಲಕ್ಕಿರುವವು. ಫಾರ್ಮ್ಯಾಟ್ ಬದಲಿಸಿದರೂ ಅವು ಸರಿಹೋಗುವುದಿಲ್ಲ. ಒಳಗೆ 45752 ಇರಬೇಕಾದ ಕಡೆ ಆಗಲೇ 45781 ಕೂತಿರುತ್ತದೆ, ಫಾರ್ಮ್ಯಾಟ್ ಬದಲಿಸುವುದು ಅದರ ತೋರಿಕೆಯನ್ನಷ್ಟೇ. ಮೂಲ ಫೈಲನ್ನೇ ಮತ್ತೆ ತಂದು, ದಿನ-ತಿಂಗಳು-ವರ್ಷ ಎಂದು ಹೇಳಿ ಇಂಪೋರ್ಟ್ ಮಾಡಬೇಕು.

ಇ-ವೇ ಬಿಲ್ ಪೋರ್ಟಲ್ ದಿನ/ತಿಂಗಳು/ವರ್ಷವನ್ನೇ ಕೇಳುತ್ತದೆ ನಿಜ. ಅಲ್ಲಿಗೆ ಕಳಿಸುವ ಕೊನೆಯ ಹಂತದಲ್ಲಿ ಹಾಗೆ ಬದಲಿಸಿಕೊಳ್ಳಿ. ಉಳಿದೆಡೆ ದಯವಿಟ್ಟು 2025-04-05 ಎಂದೇ ಬರೆಯಿರಿ.