ದೋಣಿ ಎಂಜಿನ್ನಿನ ರಬ್ಬರ್ ಚಕ್ರ: ಇಂಪೆಲ್ಲರ್ ಬದಲಾವಣೆ ಏಕೆ, ಯಾವಾಗ, ಹೇಗೆ?

ಕಾರವಾರದ ಉತ್ತರಕ್ಕೆ ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ಅಳಿವೆಯ ಆಚೆ ದಂಡೆಗೆ ಗಾಳಿಮರಗಳ ನೆರಳಿನಲ್ಲಿ ಚಾಚಿಕೊಂಡಿರುವ ಮರಳಿನ ತೀರವೇ ದೇವಬಾಗ. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಇಲ್ಲಿ ವಿಹಾರಧಾಮವನ್ನು ಆರಂಭಿಸಿದ ಮೇಲೆ ಈ ತೀರದ ಹೆಸರು ದೂರದ ಊರುಗಳಿಗೂ ಪರಿಚಿತವಾಯಿತು. ಅಳಿವೆ ದಾಟಿಸುವ ದೋಣಿ, ಡಾಲ್ಫಿನ್ ತೋರಿಸುವ ದೋಣಿ, ಕೂರ್ಮಗಡ ದ್ವೀಪದತ್ತ ಸಾಗುವ ದೋಣಿ, ಬೈತಖೋಲ ಬಂದರಿನಿಂದ ಹೊರಡುವ ಮೀನುಗಾರಿಕೆಯ ದೋಣಿ ಇವೆಲ್ಲ ಈ ಭಾಗದ ಅನೇಕ ಕುಟುಂಬಗಳ ಜೀವನಾಧಾರವಾಗಿವೆ. ಈ ವಹಿವಾಟಿನ ಬಂಡವಾಳವೆಲ್ಲ ಎಂಜಿನ್ನಿನಲ್ಲಿ ಅಡಗಿದೆ. ಆ ಎಂಜಿನ್ನಿನ ಆಯುಷ್ಯವಾದರೋ ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಚಕ್ರವನ್ನು ಅವಲಂಬಿಸಿದೆ. ಇದನ್ನೇ ಇಂಪೆಲ್ಲರ್ ಎನ್ನುತ್ತಾರೆ. ಇದು ಕೆಟ್ಟ ಮೇಲೆ ಬದಲಿಸುವ ಭಾಗವಲ್ಲ, ಕೆಡುವ ಮೊದಲೇ ಬದಲಿಸಬೇಕಾದ ಭಾಗ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪಂಪಿನ ಕಾರ್ಯವಿಧಾನ

ಲಾರಿಯ ಎಂಜಿನ್ನನ್ನು ರೇಡಿಯೇಟರ್ ಹಾಗೂ ಗಾಳಿ ತಂಪಾಗಿಸುತ್ತವೆ. ದೋಣಿಯೊಳಗೆ ಕೂರಿಸಿದ ಎಂಜಿನ್ನಿಗೆ ಆ ಅನುಕೂಲವಿಲ್ಲ; ಅದು ಸುತ್ತಲಿನ ನೀರನ್ನೇ ಆಶ್ರಯಿಸಬೇಕು. ದೋಣಿಯ ತಳದ ಕವಾಟದ ಮೂಲಕ ಒಳಬಂದ ನೀರು ಜಾಲರಿಯಲ್ಲಿ ಸೋಸಲ್ಪಟ್ಟು ಪಂಪನ್ನು ಸೇರುತ್ತದೆ. ಪಂಪು ಅದನ್ನು ಶಾಖ ವಿನಿಮಯಕಕ್ಕೆ ನೂಕುತ್ತದೆ. ಅಲ್ಲಿ ಎಂಜಿನ್ನಿನೊಳಗೆ ಸುತ್ತುವ ಸಿಹಿನೀರಿನ ಶಾಖವನ್ನು ಹೀರಿಕೊಂಡ ಸಮುದ್ರದ ನೀರು ಹೊಗೆಕೊಳವೆಯನ್ನೂ ತಂಪಾಗಿಸುತ್ತಾ ಹೊಗೆಯೊಡನೆ ಹೊರಬೀಳುತ್ತದೆ. ಕೆಲವು ಎಂಜಿನ್ನುಗಳಲ್ಲಿ ಶಾಖ ವಿನಿಮಯಕವಿಲ್ಲದೆ ಹೊರಗಿನ ನೀರೇ ನೇರವಾಗಿ ಎಂಜಿನ್ನಿನೊಳಗೆ ಹರಿಯುವುದುಂಟು.

ಪಂಪಿನೊಳಗಿರುವುದು ಹೂವಿನ ಎಸಳುಗಳಂತೆ ಸುತ್ತಲೂ ಚಾಚಿದ ಬಾಗುವ ರಬ್ಬರಿನ ಚಕ್ರ. ಪಂಪಿನ ಗೋಡೆಯ ಒಂದು ಭಾಗದಲ್ಲಿ ಕ್ಯಾಮ್ ಎಂಬ ಉಬ್ಬು ಇರುತ್ತದೆ. ಚಕ್ರ ತಿರುಗುವಾಗ ಉಬ್ಬನ್ನು ದಾಟಿ ಹೊರಬಂದ ಎಸಳು ನೆಟ್ಟಗಾಗುತ್ತದೆ. ಆಗ ಎರಡು ಎಸಳುಗಳ ನಡುವಿನ ಜಾಗ ಹಿಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದೇ ಎಸಳು ಸುತ್ತಿ ಬಂದು ಮತ್ತೆ ಉಬ್ಬಿಗೆ ತಗಲಿ ಮಡಚಿದಾಗ ಜಾಗ ಕುಗ್ಗಿ ನೀರು ಹೊರದೂಡಲ್ಪಡುತ್ತದೆ. ಪಂಪಿಗೆ ಬರುವ ಈ ನೀರೇ ರಬ್ಬರಿಗೆ ಎಣ್ಣೆಯಂತೆ ಜಾರುವ ಗುಣ ಕೊಡುತ್ತದೆ. ನೀರಿಲ್ಲದೆ ತಿರುಗಿದರೆ ಉಜ್ಜುವಿಕೆಯಿಂದಲೇ ಎಸಳುಗಳು ಕೆಲವು ನಿಮಿಷಗಳಲ್ಲಿ, ಕೆಲವೊಮ್ಮೆ ಒಂದು ನಿಮಿಷದೊಳಗೆ ಸುಟ್ಟು ಹರಿಯುತ್ತವೆ.

ದೇವಬಾಗದಲ್ಲಿ ಹೆಚ್ಚಿನ ಎಚ್ಚರಿಕೆ ಏಕೆ?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಮರಳು. ಅಳಿವೆಯ ಆಳವಿಲ್ಲದ ನೀರಿನಲ್ಲಿ, ವಿಶೇಷವಾಗಿ ಇಳಿತದ ವೇಳೆ ದಂಡೆಗೆ ದೋಣಿ ತಾಗಿಸುವಾಗ, ಪ್ರೊಪೆಲ್ಲರಿನ ರಭಸಕ್ಕೆ ತಳದ ಮರಳು ಮೇಲೇಳುತ್ತದೆ. ಸೋಸುವ ಜಾಲರಿ ಕಸಕಡ್ಡಿಯನ್ನು ತಡೆಯಬಲ್ಲದೇ ಹೊರತು ನುಣ್ಣನೆಯ ಮರಳನ್ನಲ್ಲ. ಈ ಮರಳು ಎಸಳುಗಳ ತುದಿಯನ್ನೂ ಪಂಪಿನ ಮುಚ್ಚಳವನ್ನೂ ಮರಳುಕಾಗದದಂತೆ ಸವೆಸುತ್ತದೆ.

ಎರಡನೆಯದು ಮಳೆಗಾಲದ ವಿರಾಮ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕಡಲು ಒರಟಾಗಿರುವ ಆ ದಿನಗಳಲ್ಲಿ ವಿಹಾರದ ದೋಣಿಗಳೂ ದಡ ಸೇರುತ್ತವೆ. ನಿಂತ ಎಂಜಿನ್ನಿನಲ್ಲಿ ಉಬ್ಬಿಗೆ ಒತ್ತಿಕೊಂಡ ಎಸಳುಗಳು ತಿಂಗಳುಗಟ್ಟಲೆ ಬಾಗಿದಂತೆಯೇ ಉಳಿದು ಸೆಟೆದುಕೊಳ್ಳುತ್ತವೆ. ಹಂಗಾಮಿನ ಮೊದಲ ದಿನ ಎಂಜಿನ್ ಚಾಲೂ ಮಾಡಿದಾಗ ಅವು ನೆಟ್ಟಗಾಗದೆ ಬುಡದಲ್ಲಿ ಬಿರುಕು ಬಿಡುವ ಸಂಭವ ಹೆಚ್ಚು. ದುಡಿದು ಸವೆಯುವುದಕ್ಕಿಂತ ದುಡಿಯದೆ ಕೆಡುವುದೇ ಈ ಭಾಗದ ಸ್ವಭಾವ ಎಂದರೂ ತಪ್ಪಾಗಲಾರದು.

ಅಳಿವೆಯ ಮುಖದಲ್ಲಿ, ಹೊಳೆಯ ಸೆಳೆತಕ್ಕೂ ಕಡಲಿನ ಅಲೆಗೂ ನಡುವೆ ಎಂಜಿನ್ ನಿಂತ ದೋಣಿಗೆ ದಿಕ್ಕು ಹಿಡಿದು ನಿಲ್ಲುವ ಶಕ್ತಿ ಇರುವುದಿಲ್ಲ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟುದನ್ನು ಕಾರವಾರದ ಜನ ಮರೆತಿಲ್ಲ. ಆ ದುರಂತವನ್ನು ಎಂಜಿನ್ನಿನ ದೋಷಕ್ಕೆ ಗಂಟುಹಾಕುವುದು ಇಲ್ಲಿನ ಉದ್ದೇಶವಲ್ಲ. ಈ ನೀರಿನಲ್ಲಿ ಅಜಾಗರೂಕತೆಗೆ ಎಡೆಯಿಲ್ಲ ಎಂಬುದಷ್ಟೇ ಅದರಿಂದ ಕಲಿಯಬೇಕಾದ ಪಾಠ.

ಮುನ್ಸೂಚನೆಗಳು

ಹೊಗೆಕೊಳವೆಯಿಂದ ಹೊರಬೀಳುವ ನೀರು ಎಂದಿಗಿಂತ ಕಡಿಮೆಯಾಗುವುದು, ಹೊಗೆಯ ಜತೆ ಬಿಳಿಯ ಆವಿ ಕಾಣುವುದು, ಉಷ್ಣತಾಮಾಪಕದ ಮುಳ್ಳು ಏರುವುದು, ರಬ್ಬರು ಸುಟ್ಟ ವಾಸನೆ ಬರುವುದು ಇವು ಮುಖ್ಯ ಲಕ್ಷಣಗಳು. ಎಂಜಿನ್ ಚಾಲೂ ಮಾಡಿದ ಕೂಡಲೇ ಹಿಂಬದಿಗೆ ಬಾಗಿ ನೀರಿನ ಧಾರೆಯನ್ನು ನೋಡುವ ಅಭ್ಯಾಸ ಪ್ರತಿಯೊಬ್ಬ ತಾಂಡೇಲನಿಗೂ ಇರತಕ್ಕದ್ದು. ಅರ್ಧ ನಿಮಿಷದೊಳಗೆ ಧಾರೆ ಕಾಣದಿದ್ದರೆ ಎಂಜಿನ್ನನ್ನು ನಿಲ್ಲಿಸಬೇಕು. ಮೊದಲು ಕವಾಟ ತೆರೆದಿದೆಯೇ, ಜಾಲರಿಯಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸಿ, ನಂತರ ಪಂಪನ್ನು ಬಿಚ್ಚುವುದು ಸರಿಯಾದ ಕ್ರಮ.

ಬದಲಿಸುವ ಕ್ರಮ

1. ಎಂಜಿನ್ನನ್ನು ನಿಲ್ಲಿಸಿ, ತಣಿಯಲು ಬಿಟ್ಟು, ನೀರಿನ ಕವಾಟವನ್ನು ಮುಚ್ಚಬೇಕು. ಎಂಜಿನ್ನಿನ ಕೀಲಿಕೈಯನ್ನು ಕವಾಟದ ಹಿಡಿಗೇ ತೂಗುಹಾಕುವುದು ಒಳ್ಳೆಯದು. ಹಾಗೆ ಮಾಡಿದರೆ ಕವಾಟ ತೆರೆಯುವುದನ್ನು ಮರೆತು ಎಂಜಿನ್ ಚಾಲೂ ಮಾಡುವ ಪ್ರಮೇಯ ಬರುವುದಿಲ್ಲ.

2. ಪಂಪಿನ ಮುಚ್ಚಳದ ತಿರುಪುಗಳನ್ನು ಬಿಚ್ಚಬೇಕು. ಇವು ಚಿಕ್ಕವು, ಜಾರಿ ತಳಕ್ಕೆ ಬಿದ್ದರೆ ಹುಡುಕುವುದು ಕಷ್ಟ. ಕೆಳಗೆ ಬಟ್ಟೆ ಹಾಸಿಕೊಳ್ಳಬೇಕು.

3. ಎಸಳುಗಳು ಯಾವ ದಿಕ್ಕಿಗೆ ಬಾಗಿವೆ ಎಂಬುದನ್ನು ಗುರುತು ಮಾಡಿಕೊಂಡ ಮೇಲೆಯೇ ಹಳೆಯ ಚಕ್ರವನ್ನು ಎಳೆಯಬೇಕು. ಇದಕ್ಕೆಂದೇ ಪುಲ್ಲರ್ ದೊರೆಯುತ್ತದೆ. ಇಲ್ಲದಿದ್ದರೆ ಇಕ್ಕಳದಿಂದ ನಡುಭಾಗವನ್ನು ಹಿಡಿದು ನೇರವಾಗಿ ಎಳೆಯಬಹುದು. ಸ್ಕ್ರೂಡ್ರೈವರಿನಿಂದ ಮೀಟಿದರೆ ಪಂಪಿನ ಒಳಮೈ ಗೀರಿ ನೀರಿನ ಒತ್ತಡ ಸೋರಿಹೋಗುತ್ತದೆ.

4. ಒಳಗೋಡೆ, ಉಬ್ಬು ಹಾಗೂ ಮುಚ್ಚಳವನ್ನು ಒರೆಸಿ ನೋಡಬೇಕು. ಬೆರಳಿಗೆ ತಾಗುವಷ್ಟು ಆಳದ ಗೆರೆಗಳಿದ್ದರೆ ಮುಚ್ಚಳವನ್ನು ಬದಲಿಸಬೇಕು. ಪಂಪಿನ ಹೊರಮೈಯಲ್ಲಿ ಶಾಫ್ಟಿನ ಬಳಿ ನೀರು ತೊಟ್ಟಿಕ್ಕಿದ ಉಪ್ಪಿನ ಕಲೆ ಕಂಡರೆ ಸೀಲ್ ಹೋಗಿದೆ ಎಂದು ತಿಳಿಯಬೇಕು.

5. ಹೊಸ ಚಕ್ರಕ್ಕೆ ಅದರೊಡನೆ ಬರುವ ಲೇಪವನ್ನು, ಇಲ್ಲವಾದರೆ ಗ್ಲಿಸರಿನ್ ಅಥವಾ ಸೋಪಿನ ನೀರನ್ನು ಸವರಿ, ಎಂಜಿನ್ ತಿರುಗುವ ದಿಕ್ಕಿಗೇ ತಿರುಚುತ್ತಾ ಒಳಗೆ ಕೂರಿಸಬೇಕು. ಸಾಮಾನ್ಯ ಗ್ರೀಸ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುವುದರಿಂದ ಅದನ್ನು ಬಳಸಬಾರದು.

6. ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದು ಹೊಸದನ್ನು ಹಾಕಬೇಕು. ಮುಚ್ಚಳಕ್ಕೂ ಚಕ್ರಕ್ಕೂ ನಡುವಿನ ಅಂತರವನ್ನು ನಿರ್ಧರಿಸುವುದು ಗ್ಯಾಸ್ಕೆಟ್ಟಿನ ದಪ್ಪವೇ. ಆದುದರಿಂದ ತಯಾರಕರು ಹೇಳಿದ ದಪ್ಪದ್ದನ್ನೇ ಬಳಸತಕ್ಕದ್ದು. ರಟ್ಟು ಕತ್ತರಿಸಿ ಹಾಕುವುದು ಸಲ್ಲದು. ತಿರುಪುಗಳನ್ನು ಎದುರು-ಬದುರಾಗಿ ಸಮನಾಗಿ ಬಿಗಿಯಬೇಕು.

7. ಕವಾಟವನ್ನು ತೆರೆದು, ಎಂಜಿನ್ ಚಾಲೂ ಮಾಡಿ, ನೀರಿನ ಧಾರೆಯನ್ನೂ ಮುಚ್ಚಳದ ಅಂಚಿನಲ್ಲಿ ಸೋರಿಕೆ ಇದೆಯೇ ಎಂಬುದನ್ನೂ ನೋಡಬೇಕು.

ಕಾಣೆಯಾದ ಎಸಳು

ಹೆಚ್ಚಿನವರು ತಪ್ಪುವುದು ಇಲ್ಲಿ. ಹೊರತೆಗೆದ ಚಕ್ರದ ಎಸಳುಗಳನ್ನು ಎಣಿಸಲೇಬೇಕು. ಎರಡು ಎಸಳು ಇಲ್ಲವೆಂದಾದರೆ ಅವು ಎಲ್ಲೋ ಇವೆ ಎಂದೇ ಅರ್ಥ. ಮುರಿದ ತುಂಡುಗಳು ನೀರಿನೊಡನೆ ಮುಂದೆ ಸಾಗಿ ಶಾಖ ವಿನಿಮಯಕದ ಸಣ್ಣ ಕೊಳವೆಗಳ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಸ ಚಕ್ರ ಹಾಕಿದರೂ ಎಂಜಿನ್ ಬಿಸಿಯೇರುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಪಂಪಿನಿಂದ ಹೊರಡುವ ಕೊಳವೆಯನ್ನೂ ಶಾಖ ವಿನಿಮಯಕದ ಮುಚ್ಚಳವನ್ನೂ ಬಿಚ್ಚಿ, ತುಂಡುಗಳನ್ನು ಹೆಕ್ಕಿ, ಜೋಡಿಸಿ ನೋಡಿ, ಎಲ್ಲವೂ ದೊರೆತವೆಂದು ಖಾತ್ರಿಪಡಿಸಿಕೊಂಡ ನಂತರವೇ ಕೆಲಸ ಮುಗಿಯಿತೆನ್ನಬೇಕು.

ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಿನಲ್ಲಿಯೂ ಇಂತಹದೇ ಚಕ್ರವಿದೆ. ಅದು ನೀರಿನಲ್ಲಿ ಮುಳುಗುವ ಕಾಲಿನ ಭಾಗದಲ್ಲಿ ಇರುವುದರಿಂದ ಕೆಳಭಾಗವನ್ನು ಕಳಚಬೇಕಾಗುತ್ತದೆ. ಅನುಭವವಿಲ್ಲದವರು ಅದನ್ನು ಮೇಸ್ತ್ರಿಗೆ ಒಪ್ಪಿಸುವುದೇ ಲೇಸು.

ಲೆಕ್ಕಾಚಾರ

ಇಂಪೆಲ್ಲರ್ ಮತ್ತು ಗ್ಯಾಸ್ಕೆಟ್ಟಿನ ವೆಚ್ಚವು ಪ್ರವಾಸಿ ಹಂಗಾಮಿನಲ್ಲಿ ದೋಣಿಯೊಂದು ಒಂದು ದಿನ ಕಟ್ಟಿನಿಂತರೆ ಆಗುವ ನಷ್ಟದೆದುರು ಅಲ್ಪವೇ ಸರಿ. ಬಿಸಿಯೇರಿ ಸಿಲಿಂಡರ್ ಹೆಡ್ ಬಿರುಕು ಬಿಟ್ಟರಂತೂ ದುರಸ್ತಿಯ ವೆಚ್ಚ ಹಲವು ಪಟ್ಟು. ಆದರೂ ಅನೇಕರು "ಇನ್ನೂ ನಡೆಯುತ್ತಿದೆಯಲ್ಲ" ಎಂದು ಮುಂದೂಡುತ್ತಾರೆ. ಇಂಪೆಲ್ಲರಿನ ಖರ್ಚನ್ನು ಡೀಸೆಲ್ಲಿನಂತೆ ವಾಡಿಕೆಯ ವೆಚ್ಚವೆಂದು ಲೆಕ್ಕಪುಸ್ತಕದಲ್ಲಿ ಬರೆದಿಟ್ಟರೆ ಈ ಮುಂದೂಡಿಕೆ ತಾನಾಗಿಯೇ ನಿಲ್ಲುತ್ತದೆ.

ನಮ್ಮ ಕರಾವಳಿಗೆ ಒಪ್ಪುವ ಕ್ರಮ ಇಷ್ಟು: ಮಳೆಗಾಲಕ್ಕೆ ದೋಣಿ ಕಟ್ಟುವಾಗ ಚಕ್ರವನ್ನು ಹೊರತೆಗೆದಿಡುವುದು, ಹಂಗಾಮಿನ ಆರಂಭದಲ್ಲಿ ಹೊಸದನ್ನು ಹಾಕಿ ತಾರೀಖನ್ನೂ ಎಂಜಿನ್ ಓಡಿದ ಗಂಟೆಗಳನ್ನೂ ಬರೆದಿಡುವುದು, ನಿತ್ಯವೂ ಮರಳು ನೀರಿನಲ್ಲಿ ಓಡುವ ದೋಣಿಯಾದರೆ ಹಂಗಾಮಿನ ನಡುವೆ ಒಮ್ಮೆ ಮುಚ್ಚಳ ಬಿಚ್ಚಿ ನೋಡುವುದು. ದೋಣಿಯಲ್ಲಿ ಒಂದು ಹೊಸ ಇಂಪೆಲ್ಲರ್, ಗ್ಯಾಸ್ಕೆಟ್, ನಾಲ್ಕು ತಿರುಪು ಹಾಗೂ ಹೊಂದುವ ಸ್ಕ್ರೂಡ್ರೈವರ್ ಇರುವ ಡಬ್ಬಿ ಸದಾ ಇರಲಿ. ಪ್ರಯಾಣಿಕರನ್ನು ಕೂರಿಸಿಕೊಂಡು ಅಳಿವೆ ದಾಟುವ ಪ್ರತಿಯೊಬ್ಬ ದೋಣಿ ಮಾಲೀಕರೂ ಜೀವರಕ್ಷಕ ಜಾಕೆಟ್ಟಿನಷ್ಟೇ ಮಹತ್ವವನ್ನು ಈ ಡಬ್ಬಿಗೂ ಕೊಡಬೇಕೆಂದು ಆಶಿಸಲಾಗಿದೆ.