ಬೀದರಿನ ಸುರಂಗಬಾವಿಗಳು ಮತ್ತು ಮ್ಯೂಆನ್ ಉಪಕರಣ

ಕೋಟೆಯಿರುವ ಊರುಗಳಲ್ಲೆಲ್ಲ ಗುಪ್ತಸುರಂಗದ ಐತಿಹ್ಯ ಕೇಳಿಬರುತ್ತದೆ. ಬೀದರಿನಲ್ಲಿ ಆ ಮಾತಿಗೆ ನೆಲದಡಿಯ ಆಧಾರವೂ ಉಂಟು. ಬಹಮನಿ ಅರಸರ ಕಾಲದ ನೌಬಾದ್ ಕರೇಜ್ ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ನೀರಿನ ಸುರಂಗ. ಮೇಲಿನಿಂದ ಇಳಿದ ಬಾವಿಯಂತಹ ಗಾಳಿಗಂಡಿಗಳು ಅದರ ಜಾಡನ್ನು ಸೂಚಿಸುತ್ತವೆ. ಗಂಡಿ ಮುಚ್ಚಿ ಮೇಲೆ ಮನೆ ಎದ್ದರೆ ಆ ಜಾಡು ಅಳಿಯುತ್ತದೆ. ಅಗೆಯದೆ ಅದನ್ನು ಗುರುತಿಸುವ ಉಪಾಯಗಳಲ್ಲಿ ಮ್ಯೂಆನ್ ಎಣಿಕೆಯೂ ಒಂದು.

ವಿಶ್ವಕಿರಣಗಳು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಹುಟ್ಟುವ ಮ್ಯೂಆನ್ ಕಣಗಳು ಭೂಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಕಲ್ಲು ದಪ್ಪವಾದಷ್ಟೂ ಅವು ಕಡಿಮೆಯಾಗುತ್ತವೆ. ನಡುವೆ ಟೊಳ್ಳಿದ್ದರೆ ಆ ದಿಕ್ಕಿನಿಂದ ಹೆಚ್ಚು ಬರುತ್ತವೆ. ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಬೇರೆ ಬೇರೆ ಆಳಗಳಲ್ಲಿ ಇವನ್ನು ಅಳೆದಿದ್ದರು.

ಗಣಿಯಲ್ಲಿ ದೊಡ್ಡ ಉಪಕರಣಕ್ಕೆ ಸ್ಥಳವಿತ್ತು, ಗಾಳಿಗಂಡಿಯಲ್ಲಿಲ್ಲ. ಕಣ ಹಾಯ್ದಾಗ ಮಿನುಗುವ ಪ್ಲಾಸ್ಟಿಕ್ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಎರಡು ತಟ್ಟೆಗಳನ್ನು ಮಾಡಲಾಗುತ್ತದೆ. ಎರಡೂ ಒಮ್ಮೆಗೇ ಮಿನುಗಿದರೆ ಮಾತ್ರ ಎಣಿಕೆ. ಯಾವ ಪಟ್ಟಿಗಳು ಮಿನುಗಿದವು ಎಂಬುದರಿಂದ ದಿಕ್ಕು ತಿಳಿಯುತ್ತದೆ. ಸಾವಿರಾರು ವೋಲ್ಟ್ ಬೇಡುವ ಹಳೆಯ ಗಾಜಿನ ನಳಿಕೆಯ ಬದಲು, ಕೆಲವು ಹತ್ತು ವೋಲ್ಟುಗಳಲ್ಲಿ ನಡೆಯುವ ಸಿಲಿಕಾನ್ ಬೆಳಕುಗ್ರಾಹಕ ಬಂದದ್ದರಿಂದ ಬ್ಯಾಟರಿಯೇ ಸಾಕಾಗಿದೆ. ಆದರೆ ಕಿರಿದಾಗಿಸುವುದಕ್ಕೂ ಬೆಲೆಯಿದೆ. ಪಟ್ಟಿಯ ಅಗಲ 2 ಸೆಂ.ಮೀ., ತಟ್ಟೆಗಳ ಅಂತರ 40 ಸೆಂ.ಮೀ. ಇದ್ದರೆ 10 ಮೀಟರ್ ದೂರದಲ್ಲಿ ಸುಮಾರು ಅರ್ಧ ಮೀಟರಿನ ಅಂಶ ಗೋಚರಿಸೀತು. ಅಂತರವನ್ನು ಅರ್ಧಕ್ಕಿಳಿಸಿದರೆ ಒಂದು ಮೀಟರ್. ತಟ್ಟೆ ಚಿಕ್ಕದಾದಷ್ಟೂ ಕಾಯುವ ದಿನಗಳು ಹೆಚ್ಚುತ್ತವೆ. ಒಂದು ದಿಕ್ಕಿನಲ್ಲಿ 100 ಕಣ ಎಣಿಸಿದರೆ ಶೇಕಡಾ 10ರಷ್ಟು ಅನಿಶ್ಚಿತತೆ ಉಳಿಯುತ್ತದೆ. ಅದು ಶೇಕಡಾ 1ಕ್ಕೆ ಇಳಿಯಲು 10,000 ಬೇಕು. ಸುರಂಗದ ತೇವ, ಉಷ್ಣತೆಯ ಏರಿಳಿತಗಳೂ ಗ್ರಾಹಕವನ್ನು ಬಾಧಿಸುತ್ತವೆ.

ಇದಕ್ಕಿಂತ ದೊಡ್ಡ ಮಿತಿ ಬೇರೆಯದು. ಮ್ಯೂಆನ್‌ಗಳು ಮೇಲಿನಿಂದ ಬರುವುದರಿಂದ ಉಪಕರಣ ತನ್ನ ಮೇಲಿನದನ್ನಷ್ಟೇ ಕಾಣಬಲ್ಲುದು. ತೆರವಾದ ಕಾಲುವೆಯಲ್ಲಿಟ್ಟರೆ ಸಡಿಲ ಮಣ್ಣು ತುಂಬಿದ ಹಳೆಯ ಗಂಡಿ ನೆತ್ತಿಯ ಮೇಲೆ ಕಂಡೀತು. ಅದೇ ಮಟ್ಟದಲ್ಲಿ ಪಕ್ಕಕ್ಕೆ ಹೊರಟ ಕವಲು ಕಾಣದು. ಐತಿಹ್ಯವನ್ನು ಸುಳ್ಳೆನ್ನಲು ಆತುರಪಡುವವರು ಇದನ್ನು ಗಮನಿಸಬೇಕು. 1970ರಲ್ಲಿ ಲೂಯಿಸ್ ಅಲ್ವಾರೆಜ್ ತಂಡ ಈಜಿಪ್ಟಿನ ಖಫ್ರೆ ಪಿರಮಿಡ್ಡಿನಲ್ಲಿ ಗುಪ್ತಕೋಣೆ ಇಲ್ಲವೆಂದು ವರದಿ ಮಾಡಿದಾಗ, ಆ ಮಾತು ಪರೀಕ್ಷೆಗೊಳಗಾದ ಶೇಕಡಾ 19ರಷ್ಟು ಭಾಗಕ್ಕೆ ಮಾತ್ರ ಅನ್ವಯಿಸುತ್ತಿತ್ತು.