ಟೀ ಕುಡಿದರೆ ಸರಿಹೋಗುವ ಲಾರಿ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ತಿಪಟೂರಿನ ಮನೆಗೆ ಬಂದಾಗ ಅಪ್ಪ ಜಗಲಿ ಮೇಲೆ ಸುಮ್ಮನೆ ಕೂತಿದ್ದರು. "ಲಾರಿ ಮಾರಿಬಿಡೋಣ ಅಂತಿದೀನಿ ಮಗಾ" ಅಂದರು.

2003ರ ಲಾರಿ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೇ ಅದು. ಹೋಗುವಾಗ ತೆಂಗಿನಕಾಯಿ ಮಂಗಳೂರಿಗೆ, ಬರುವಾಗ ಹೆಂಚು. ಎರಡು ತಿಂಗಳಿಂದ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಎಳೆಯುತ್ತಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸದು ಹಾಕಿಸಿಯಾಗಿತ್ತು. ಗ್ಯಾರೇಜಿನವರು "ಇಂಜಿನ್ ಬಿಚ್ಚಿ ಬೋರ್ ಮಾಡಿಸ್ಬೇಕು" ಅಂತ ಒಂದೂಕಾಲು ಲಕ್ಷ ಹೇಳಿದ್ದರು.

ನನಗೆ ಲಾರಿ ರಿಪೇರಿ ಬರಲ್ಲ. ಆದರೆ ದಿನಾ ಬಗ್ ಹುಡುಕುವವನು ನಾನು. ಹಳೇ ಡೀಸೆಲ್ ಇಂಜಿನ್‌ಗೆ ಕಂಪ್ಯೂಟರ್ ಇಲ್ಲ, ಎರರ್ ಕೋಡ್ ಇಲ್ಲ. ಹಾಗಾಗಿ ಬೆಳಿಗ್ಗೆ ಅಪ್ಪನನ್ನೇ ಪ್ರಶ್ನೆ ಕೇಳುತ್ತಾ ಕೂತೆ.

"ಹತ್ತುವಾಗ ಹೊಗೆ ಯಾವ ಬಣ್ಣ?"

"ಹೊಗೇನೇ ಕಮ್ಮಿ."

ಗಾಳಿ ಸಾಲದಿದ್ದರೆ, ಟರ್ಬೊ ಪೈಪ್ ಸೀಳಿದ್ದರೆ ಕಪ್ಪು ಹೊಗೆ ಬರಬೇಕು. ಆಯಿಲ್ ಸುಡುತ್ತಿದ್ದರೆ ನೀಲಿ. ಎರಡೂ ಇಲ್ಲ ಅಂದರೆ ಡೀಸೆಲ್ಲೇ ಸಾಲುತ್ತಿಲ್ಲ ಅನ್ನೋ ಅನುಮಾನ.

"ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಹಾಗಾ?"

"ಇಲ್ಲ, ಇಂಜಿನ್ನೇ ಸೊರಗುತ್ತೆ." ಹಾಗಾದರೆ ಕ್ಲಚ್ ಅಲ್ಲ.

"ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಕಷ್ಟಾನಾ?"

"ಅರ್ಧ ಸೆಲ್ಫಿಗೇ ಹಿಡಿಯುತ್ತೆ."

ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆವು. ಜೋರಾಗಿ ಹೊಗೆ ಉಗುಳುತ್ತಿರಲಿಲ್ಲ. ಕಂಪ್ರೆಷನ್ ಅಷ್ಟೊಂದು ಕೆಟ್ಟಿರಲಿಕ್ಕಿಲ್ಲ ಅನ್ನಿಸಿತು.

ಆಗ ಅಪ್ಪ ಯಾವುದೋ ಚಿಕ್ಕ ವಿಷಯ ಅನ್ನುವ ಹಾಗೆ ಹೇಳಿದರು: "ವಿಚಿತ್ರ ಏನಂದ್ರೆ, ನಿಲ್ಸಿ ಟೀ ಕುಡ್ದು ಬಂದ್ರೆ ಸ್ವಲ್ಪ ದೂರ ಚೆನ್ನಾಗಿ ಎಳೆಯುತ್ತೆ."

ಸವೆದ ಇಂಜಿನ್ ಟೀ ಕುಡಿದರೆ ಸರಿಹೋಗುತ್ತಾ? ಆಫೀಸಿನಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದೆ: "ಇದು ಶುರುವಾಗೋ ಮುಂಚೆ ಏನು ಬದಲಾಯಿಸಿದ್ರಿ?"

"ಏನೂ ಇಲ್ಲ... ಡೀಸೆಲ್ ಕದೀತಿದ್ರು ಅಂತ ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸ್ದೆ."

ಲೋಡ್ ಹಾಕಿ ಅರಸೀಕೆರೆ ಕಡೆ ಹೊರಟೆವು. ಇಂಜಿನ್ ಸೊರಗುತ್ತಿದ್ದಂತೆ ಪಕ್ಕಕ್ಕೆ ನಿಲ್ಲಿಸಿ, ಬಂದ್ ಮಾಡಿ, ಬೀಗ ತೆಗೆದು ಮುಚ್ಚಳ ಸಡಿಲಿಸಿದೆ. 'ಸುಸ್ಸ್' ಅಂತ ಗಾಳಿ ಒಳಗೆ ನುಗ್ಗಿತು. ಅಪ್ಪ ನನ್ನ ಮುಖ ನೋಡಿದರು.

ಡೀಸೆಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಹಳೇ ಮುಚ್ಚಳದಲ್ಲಿ ಅದಕ್ಕೆ ಸಣ್ಣ ತೂತು ಇತ್ತು, ಹೊಸದರಲ್ಲಿ ಇರಲಿಲ್ಲ. ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿದಂತೆ ಪಂಪು ಎಳೆಯಲಾಗದೆ ಸೋಲುತ್ತಿತ್ತು. ಘಾಟಿಯಲ್ಲಿ ಡೀಸೆಲ್ ಜಾಸ್ತಿ ಬೇಕು, ಹಾಗಾಗಿ ಅಲ್ಲೇ ಬೇಗ ಗೊತ್ತಾಗುತ್ತಿತ್ತು. ಟೀ ಕುಡಿಯುವಷ್ಟರಲ್ಲಿ ಸಂದಿಯಿಂದ ನಿಧಾನಕ್ಕೆ ಗಾಳಿ ಸೇರಿ ಮತ್ತೆ ಜೀವ ಬರುತ್ತಿತ್ತು.

ಹೊಸ ಮುಚ್ಚಳಕ್ಕೆ ನಾವೇ ತೂತು ಕೊರೆಯಲಿಲ್ಲ. ಮಳೆನೀರು, ಧೂಳು ಒಳಗಿಳಿದರೆ ಇನ್ನೊಂದು ತಲೆನೋವು. ಗಾಳಿ ಕಿಂಡಿ ಇರುವ ಬೀಗದ ಮುಚ್ಚಳವನ್ನೇ ಹುಡುಕಿ ತಂದೆವು. ಕೆಲವೇ ನೂರು ರೂಪಾಯಿ.

ನಿಮ್ಮ ಮನೆಯಲ್ಲೂ ಹಳೇ ಡೀಸೆಲ್ ಗಾಡಿ ಇದ್ದರೆ, ಇಂಜಿನ್ ಬಿಚ್ಚಿಸುವ ಮೊದಲು ಹೊಗೆಯ ಬಣ್ಣ ನೋಡಿ. ಇತ್ತೀಚೆಗೆ ಏನು ಬದಲಾಯಿತು ಅಂತ ಕೇಳಿ. ಮುಖ್ಯವಾಗಿ, ದಿನಾ ಅದನ್ನು ಓಡಿಸುವವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ಉತ್ತರ ಅಪ್ಪನ ಬಳಿಯೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ನಾನೂ ಕೇಳಿರಲಿಲ್ಲ.

ಮುಂದಿನ ವಾರ ರಾತ್ರಿ ಹನ್ನೊಂದಕ್ಕೆ ಸಕಲೇಶಪುರದಿಂದ ಫೋನ್ ಬಂತು. "ಘಾಟಿ ಹತ್ಬಿಟ್ಟೆ ಮಗಾ. ಟೀಗೂ ನಿಲ್ಸಿಲ್ಲ."